ಅಲಿಯ ಅಭಿಮಾನಿಗಳು ತೀರಿಸದ ಸಾಲ

1996ರ ಜುಲೈ 19ರ ರಾತ್ರಿ ಅಟ್ಲಾಂಟಾ ಒಲಿಂಪಿಕ್ ಕ್ರೀಡಾಕೂಟದ ಉದ್ಘಾಟನಾ ಸಮಾರಂಭ ಕೊನೆಯ ಘಟ್ಟಕ್ಕೆ ಬಂದಿತ್ತು. ಜ್ಯೋತಿಯನ್ನು ಬೆಳಗಿಸುವವರು ಯಾರು ಎಂಬ ಗುಟ್ಟನ್ನು ಸಂಘಟಕರು ಕೊನೆಯ ಕ್ಷಣದವರೆಗೂ ಬಿಟ್ಟುಕೊಟ್ಟಿರಲಿಲ್ಲ. ಬಿಳಿಯ ಉಡುಪು ತೊಟ್ಟ ಮೊಹಮ್ಮದ್ ಅಲಿ ಎತ್ತರದ ವೇದಿಕೆಯಲ್ಲಿ ಕಾಣಿಸಿಕೊಂಡಾಗ ಇಡೀ ಕ್ರೀಡಾಂಗಣ ಒಮ್ಮೆ ಉಸಿರು ಬಿಗಿಹಿಡಿಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುತ್ತಿದ್ದ ಆ ಕೈಯಲ್ಲಿ ಪಂಜು ಉರಿಯುವುದನ್ನು ಕಂಡು ಜಗತ್ತಿನ ಮೂಲೆಮೂಲೆಗಳಲ್ಲಿ ಟಿ.ವಿ. ಮುಂದೆ ಕುಳಿತವರು ಕಣ್ಣೊರೆಸಿಕೊಂಡರು.

ಫಿಲಡೆಲ್ಫಿಯಾದ ಒಬ್ಬ ಮನುಷ್ಯನ ಕಣ್ಣು ಮಾತ್ರ ತೇವವಾಗಲಿಲ್ಲ. ಸಾಧ್ಯವಾಗಿದ್ದರೆ ಅಲಿಯನ್ನು ಅದೇ ಬೆಂಕಿಗೆ ತಳ್ಳಿಬಿಡುತ್ತಿದ್ದೆ ಎಂಬರ್ಥದ ಮಾತನ್ನು ಆತ ಪತ್ರಕರ್ತರೆದುರು ಆಡಿದ. ಆತನ ಹೆಸರು ಜೋ ಫ್ರೇಸಿಯರ್. ಹೆವಿವೇಟ್ ಬಾಕ್ಸಿಂಗ್‌ನ ಮಾಜಿ ವಿಶ್ವ ಚಾಂಪಿಯನ್. ವೃತ್ತಿಪರ ಕಣದಲ್ಲಿ ಅಲಿಯನ್ನು ಮೊಟ್ಟಮೊದಲು ಸೋಲಿಸಿದವನು.

ಮಾತು ಕೇಳಿದವರಿಗೆಲ್ಲ ಹೇಸಿಗೆಯಾಯಿತು. ರೋಗದಿಂದ ಜರ್ಜರಿತನಾದವನ ಮೇಲೆ ಇಂಥ ಹಗೆಯೇ ಎಂದು ಕೇಳಿದೆವು. ಸೋಲನ್ನು ಅರಗಿಸಿಕೊಳ್ಳಲಾರದ ಸಣ್ಣ ಮನುಷ್ಯ ಎಂದು ತೀರ್ಪು ಬರೆದು ಮುಂದೆ ನಡೆದೆವು. ಆದರೆ ಫ್ರೇಸಿಯರ್ ಎದೆಯಲ್ಲಿ ಇಟ್ಟುಕೊಂಡಿದ್ದುದು ಸೋಲಿನ ನೋವನ್ನಲ್ಲ. ಬಾಕ್ಸರ್‌ಗೆ ಸೋಲು ಹೊಸದಲ್ಲ. ಆತನ ಎದೆಯಲ್ಲಿ ಉಳಿದದ್ದು ಕೆಲವು ಮಾತುಗಳು ಮತ್ತು ಆ ಮಾತುಗಳಿಗೆ ಬಿದ್ದ ಚಪ್ಪಾಳೆ. ಮಾತು ಅಲಿಯದು. ಚಪ್ಪಾಳೆ ಅಭಿಮಾನಿಗಳದು.

ಕನ್ನಡದಲ್ಲಿ ಅಭಿಮಾನ ಎಂಬ ಪದಕ್ಕೆ ಎರಡು ಮುಖಗಳಿವೆ. ಇನ್ನೊಬ್ಬರ ಮೇಲಿನ ಪ್ರೀತಿ, ಮೆಚ್ಚುಗೆ ಒಂದು. ತನ್ನ ಬಗ್ಗೆ ತನಗಿರುವ ಗೌರವ ಇನ್ನೊಂದು. ಅಭಿಮಾನಭಂಗ ಎಂದಾಗ ನಾವು ಹೇಳುವುದು ಈ ಎರಡನೆಯದಕ್ಕೆ ಬಿದ್ದ ಪೆಟ್ಟನ್ನೇ. ಅಲಿ–ಫ್ರೇಸಿಯರ್ ವೈರವನ್ನು ಕ್ರೀಡಾ ಇತಿಹಾಸದ ಮಹಾನ್ ಕದನವೆಂದು ಕೊಂಡಾಡುವವರು ಬಹಳ. ಅದು ಒಬ್ಬನ ಮೇಲಿನ ಅಭಿಮಾನಕ್ಕಾಗಿ ಇನ್ನೊಬ್ಬನ ಅಭಿಮಾನವನ್ನು ಬಲಿಗೊಟ್ಟ ಕಥೆಯೂ ಹೌದು ಎಂಬುದನ್ನು ಒಪ್ಪಿಕೊಳ್ಳುವವರು ಕಡಿಮೆ. ಬಾಕ್ಸಿಂಗ್ ಪಂದ್ಯವೊಂದನ್ನೂ ಪೂರ್ತಿ ನೋಡದೆ ಅಲಿಯನ್ನು ಆರಾಧಿಸುತ್ತ ಬಂದ ನಮ್ಮಂಥವರು ಈ ಲೆಕ್ಕವನ್ನು ಒಮ್ಮೆಯಾದರೂ ನೋಡಬೇಕು.

ಅಲಿಯ ಹಿರಿಮೆಯ ಬಗ್ಗೆ ತಕರಾರಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಮಣಿಸಿ ವಿಶ್ವ ಕಿರೀಟ. ಕ್ಯಾಸಿಯಸ್ ಕ್ಲೇ ಎಂಬ ಹೆಸರನ್ನು ಗುಲಾಮಗಿರಿಯ ಗುರುತೆಂದು ಕಳಚಿ ಹಾಕಿ ಮೊಹಮ್ಮದ್ ಅಲಿಯಾದ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೇನೆಗೆ ಸೇರಲು ನಿರಾಕರಿಸಿ, ವಿಯೆಟ್ನಾಂ ಯುದ್ಧಕ್ಕೆ ಬರುವುದಿಲ್ಲ ಎಂದ. ಪಟ್ಟ ಹೋಯಿತು, ಪರವಾನಗಿ ಹೋಯಿತು. ನ್ಯಾಯಾಲಯ ಐದು ವರ್ಷಗಳ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿಯ ಕಾರಣ ಆತ ಜೈಲಿಗೆ ಹೋಗಲಿಲ್ಲ. 1971ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಗೊಳಿಸಿತು. ಅಷ್ಟರಲ್ಲಿ ದೇಹ ಅತ್ಯಂತ ಚುರುಕಾಗಿದ್ದ ಮೂರೂವರೆ ವರ್ಷಗಳು ಕಣದ ಹೊರಗೇ ಕಳೆದುಹೋಗಿದ್ದವು. ನಂಬಿಕೆಗಾಗಿ ಇಷ್ಟು ದೊಡ್ಡ ಬೆಲೆ ತೆತ್ತ ಕ್ರೀಡಾಪಟುಗಳು ಬೆರಳೆಣಿಕೆಯಷ್ಟು.

ಆ ವನವಾಸದ ದಿನಗಳಲ್ಲಿ ಅಲಿಯ ನೆರವಿಗೆ ಬಂದವರಲ್ಲಿ ಜೋ ಫ್ರೇಸಿಯರ್ ಒಬ್ಬ. ಖಾಲಿಯಾದ ಪಟ್ಟಕ್ಕೆ ಆತನೇ ಮುಖ್ಯ ಹಕ್ಕುದಾರ. 1970ರ ಫೆಬ್ರುವರಿಯಲ್ಲಿ ಜಿಮ್ಮಿ ಎಲ್ಲಿಸ್‌ನನ್ನು ಸೋಲಿಸಿ ಅದನ್ನು ಪೂರ್ಣವಾಗಿ ತನ್ನದಾಗಿಸಿಕೊಂಡ. ಆದರೂ ಅಲಿಗೆ ಹಣದ ಸಹಾಯ ಮಾಡಿದ; ಅಲಿಯ ಪರವಾನಗಿಯನ್ನು ಮರಳಿಸಬೇಕೆಂದು ದನಿಗೂಡಿಸಿದ. ಅದರಲ್ಲಿ ಸ್ವಾರ್ಥವೂ ಇತ್ತೆನ್ನಿ. ಅಲಿಯನ್ನು ಸೋಲಿಸದ ಚಾಂಪಿಯನ್ ಅರ್ಧ ಚಾಂಪಿಯನ್ ಎಂಬುದು ಫ್ರೇಸಿಯರ್‌ಗೆ ಗೊತ್ತಿತ್ತು. ಅಂಥ ಪಂದ್ಯದಲ್ಲಿ ಇಬ್ಬರಿಗೂ ಹಣವಿತ್ತು. ಆದರೆ ಸ್ನೇಹವೂ ಸುಳ್ಳಲ್ಲ. 1970ರಲ್ಲಿ ಇಬ್ಬರೂ ಒಂದೇ ಕಾರಿನಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕ್‌ಗೆ ಹರಟುತ್ತ ಹೋದರು. ಆ ಪ್ರಯಾಣದ ಮಾತುಕತೆ 1975ರಲ್ಲಿ ಪ್ರಕಟವಾದ ಅಲಿಯ ಆತ್ಮಕಥೆಯಲ್ಲೇ ದೀರ್ಘವಾಗಿ ದಾಖಲಾಗಿದೆ. ಅದು ಇಬ್ಬರು ಗೆಳೆಯರ ಕೀಟಲೆಯ ಮಾತು, ವೈರಿಗಳ ಮಾತಲ್ಲ.

1971ರ ಮಾರ್ಚ್ 8ಕ್ಕೆ ಪಂದ್ಯ ನಿಗದಿಯಾಯಿತು. ಸ್ಥಳ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಇಬ್ಬರೂ ಅದುವರೆಗೆ ಅಜೇಯರು: ಅಲಿಗೆ 31 ಗೆಲುವು, ಫ್ರೇಸಿಯರ್‌ಗೆ 26. ಒಬ್ಬೊಬ್ಬರಿಗೂ 25 ಲಕ್ಷ ಡಾಲರ್ ಸಂಭಾವನೆ, ಆ ಕಾಲಕ್ಕೆ ಊಹೆಗೂ ನಿಲುಕದ ಮೊತ್ತ. ಪಂದ್ಯದ ಪ್ರಚಾರ ಶುರುವಾದೊಡನೆ ಅಲಿ ತನ್ನ ಗೆಳೆಯನನ್ನು ಮರೆತ. ಫ್ರೇಸಿಯರ್ ಕುರೂಪಿ, ದಡ್ಡ, ಮಾತು ಬಾರದವ ಎಂದ. ಅಷ್ಟಕ್ಕೇ ನಿಲ್ಲದೆ, ಬಿಳಿಯರ ಬಾಲಬಡುಕ ಎಂಬ ಅರ್ಥದಲ್ಲಿ 'ಅಂಕಲ್ ಟಾಮ್' ಎಂದು ಕರೆದ. ಫ್ರೇಸಿಯರ್ ಗೆಲ್ಲಲೆಂದು ಬಯಸುವ ಕಪ್ಪುವರ್ಣೀಯರೂ ಜನಾಂಗ ದ್ರೋಹಿಗಳೇ ಎಂಬ ಭಾವನೆಯನ್ನು ಬಿತ್ತಿದ.

'ಅಂಕಲ್ ಟಾಮ್' ಎಂಬ ಆ ಬೈಗುಳದ ಹುಟ್ಟೇ ಒಂದು ಅನ್ಯಾಯದ ಕಥೆ. ಹ್ಯಾರಿಯೆಟ್ ಬೀಚರ್ ಸ್ಟೋವ್ 1852ರಲ್ಲಿ ಪ್ರಕಟಿಸಿದ ಕಾದಂಬರಿಯ ಟಾಮ್ ಹೇಡಿಯಲ್ಲ. ತಪ್ಪಿಸಿಕೊಂಡ ಇಬ್ಬರು ಗುಲಾಮ ಹೆಂಗಸರ ಸುಳಿವು ಕೊಡಲು ನಿರಾಕರಿಸಿ, ಹೊಡೆತ ತಿಂದು ಪ್ರಾಣ ಬಿಡುವವನು. ಆ ಕಥೆಯನ್ನು ಊರೂರಿಗೆ ಒಯ್ದ ನಾಟಕ ಮಂಡಳಿಗಳು ಆತನನ್ನು ಯಜಮಾನರೆದುರು ಹಲ್ಲುಗಿಂಜುವ ಮುದುಕನನ್ನಾಗಿ ಮಾಡಿದವು. ಪುಸ್ತಕ ಓದಿದವರಿಗಿಂತ ನಾಟಕ ನೋಡಿದವರು ಹೆಚ್ಚಾದರು. ರಂಗದ ಟಾಮ್ ಉಳಿದ, ಪುಸ್ತಕದ ಟಾಮ್ ಕಳೆದುಹೋದ. ಒಬ್ಬನ ನಿಜವನ್ನು ಆತನ ಪ್ರತಿಬಿಂಬ ನುಂಗಿಹಾಕುವ ಈ ಬಗೆಯೇ ಫ್ರೇಸಿಯರ್‌ನ ಪಾಲಿಗೂ ಬಂತು.

ಹಾಗಾದರೆ ನಿಜವಾದ ಫ್ರೇಸಿಯರ್ ಯಾರು? 1944ರಲ್ಲಿ ದಕ್ಷಿಣ ಕೆರೊಲಿನಾದ ಬ್ಯೂಫೋರ್ಟ್ ಬಳಿ ಪಾಲುಬೇಸಾಯದ ಬಡ ಕುಟುಂಬದಲ್ಲಿ ಹುಟ್ಟಿದ ಕೊನೆಯ ಮಗು. ತಂದೆಗೆ ಎಡಗೈ ಇರಲಿಲ್ಲ. ತಂದೆಯ ಆ ಕೈಯ ಕೆಲಸವನ್ನು ಮಗ ಮಾಡಿದ. ಗೋಣಿಚೀಲಕ್ಕೆ ಚಿಂದಿಬಟ್ಟೆ, ಮೆಕ್ಕೆಜೋಳದ ದಿಂಡು, ನಡುವೆ ಒಂದು ಇಟ್ಟಿಗೆ ತುಂಬಿ ಮರಕ್ಕೆ ನೇತುಹಾಕಿ ಗುದ್ದು ಕಲಿತ. ಬಿಳಿಯ ಜಮೀನುದಾರನೊಬ್ಬ ಕಪ್ಪು ಹುಡುಗನಿಗೆ ಬೆಲ್ಟಿನಿಂದ ಹೊಡೆದದ್ದನ್ನು ಊರಿಗೆ ಹೇಳಿ, ಆ ಜಮೀನುದಾರನಿಗೆ ಎದುರು ನಿಂತು ಕೆಲಸ ಕಳೆದುಕೊಂಡದ್ದನ್ನು ಫ್ರೇಸಿಯರ್ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಹದಿನೈದರ ಹರೆಯದಲ್ಲಿ ಬಸ್ಸು ಹತ್ತಿ ಉತ್ತರಕ್ಕೆ ಬಂದ. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿದ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಬದಲಿ ಸ್ಪರ್ಧಿಯಾಗಿ ಹೋಗಿ, ಎಡಗೈ ಹೆಬ್ಬೆರಳು ಮುರಿದಿದ್ದರೂ ಫೈನಲ್ ಆಡಿ ಚಿನ್ನ ಗೆದ್ದ.

ಅಲಿ ಬೆಳೆದದ್ದು ಕೆಂಟಕಿಯ ಲೂಯಿವಿಲ್ ನಗರದಲ್ಲಿ. ತಂದೆ ಫಲಕಗಳಿಗೆ ಬಣ್ಣ ಬರೆಯುವ ಕಲಾವಿದ. ಲೂಯಿವಿಲ್‌ನ ಬಿಳಿಯ ಸಿರಿವಂತರ ಕೂಟವೊಂದು ಆತನ ವೃತ್ತಿಜೀವನದ ಆರಂಭಕ್ಕೆ ಹಣ ಹೂಡಿತ್ತು. ಇದರಲ್ಲಿ ಅವಮಾನಪಡುವಂಥದ್ದೇನೂ ಇಲ್ಲ. ವರ್ಣಭೇದದ ನೋವನ್ನು ಅಲಿಯೂ ಉಂಡವನೇ. ಆದರೆ ಇಬ್ಬರಲ್ಲಿ ಹೆಚ್ಚು ಕೆಳಗಿನಿಂದ, ಹೆಚ್ಚು ಕತ್ತಲೆಯಿಂದ ಎದ್ದು ಬಂದವನು ಫ್ರೇಸಿಯರ್. ಜನಾಂಗದ ನೋವನ್ನು ಮೈಯಲ್ಲಿ ಹೊತ್ತು ಬಂದವನಿಗೇ ಜನಾಂಗ ದ್ರೋಹಿಯೆಂಬ ಹಣೆಪಟ್ಟಿ ಅಂಟಿತು.

ಆ ಹಣೆಪಟ್ಟಿ ಏಕೆ ಅಷ್ಟು ಸುಲಭವಾಗಿ ಅಂಟಿತು? ಅಂದಿನ ಅಮೆರಿಕ ಎರಡಾಗಿ ಸೀಳಿತ್ತು. ಯುದ್ಧ ವಿರೋಧಿಗಳು, ವಿದ್ಯಾರ್ಥಿಗಳು, ಕಪ್ಪು ಸ್ವಾಭಿಮಾನದ ಚಳವಳಿಯವರು ಅಲಿಯ ಕಡೆ ನಿಂತರು. ಅಲಿಯ ಬಾಯಿ, ಧರ್ಮ, ಯುದ್ಧವಿರೋಧ ಯಾವುದನ್ನೂ ಸಹಿಸದ ಬಿಳಿಯ ಸಂಪ್ರದಾಯಸ್ಥರು ಫ್ರೇಸಿಯರ್ ಗೆಲ್ಲಲಿ ಎಂದರು. ಫ್ರೇಸಿಯರ್ ಅವರನ್ನು ಕರೆದಿರಲಿಲ್ಲ. ಅವರಿಗೂ ಫ್ರೇಸಿಯರ್ ಬೇಕಿರಲಿಲ್ಲ. ಅಲಿ ಬಿದ್ದರೆ ಸಾಕಿತ್ತು. ಹೀಗಾಗಿ ಆತ ವಿಚಿತ್ರ ಸ್ಥಿತಿಯಲ್ಲಿ ಸಿಲುಕಿದ. ತನ್ನವರು ಎಂದುಕೊಂಡವರು ಆತನನ್ನು ದೂರ ತಳ್ಳಿದರು, ತನ್ನವರಲ್ಲದವರು ಬೆನ್ನು ತಟ್ಟಿದರು. ಕೋಟ್ಯಂತರ ಜನ ನೋಡಿದ ಪಂದ್ಯದಲ್ಲಿ, ತನಗಾಗಿಯೇ ತನ್ನನ್ನು ಪ್ರೀತಿಸುವ ಅಭಿಮಾನಿಗಳು ಚಾಂಪಿಯನ್‌ಗೆ ಇರಲೇ ಇಲ್ಲವೆಂದರೂ ನಡೆದೀತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಮಾತು ಬಲ್ಲವನೇ ಜಗಳ ತಂದ. ಮಾತು ಬಾರದವನು ಅದನ್ನು ಹೊತ್ತ. ಫ್ರೇಸಿಯರ್‌ಗೆ ಕೊಲೆ ಬೆದರಿಕೆಗಳು ಬಂದವು. ಪೊಲೀಸ್ ಕಾವಲು ಬೇಕಾಯಿತು. ಶಾಲೆಯಲ್ಲಿ ಆತನ ಮಗನನ್ನು ಇತರ ಮಕ್ಕಳು ಹಂಗಿಸಿದರು. ಉತ್ತರ ಕೊಡಲು ಆತನ ಬಳಿ ಪ್ರಾಸವಿರಲಿಲ್ಲ, ವಾಗ್ವಿಲಾಸವಿರಲಿಲ್ಲ. ಇದ್ದದ್ದು ಎಡಗೈ ಒಂದೇ. ಹದಿನೈದನೆಯ ಸುತ್ತಿನಲ್ಲಿ ಆ ಎಡಗೈಯ ಹುಕ್ ಅಲಿಯ ದವಡೆಗೆ ಬಿದ್ದಾಗ ಅಲಿ ಅಂಗಾತ ಬಿದ್ದ. ಎದ್ದನಾದರೂ ತೀರ್ಪುಗಾರರು ಮೂವರೂ ಫ್ರೇಸಿಯರ್‌ನನ್ನೇ ವಿಜಯಿ ಎಂದರು.

ಆ ಗೆಲುವಿನ ಮರು ತಿಂಗಳು ಫ್ರೇಸಿಯರ್ ದಕ್ಷಿಣ ಕೆರೊಲಿನಾದ ಶಾಸನಸಭೆಯಲ್ಲಿ ಮಾತನಾಡಿದ. ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಯುಗ ಮುಗಿದ ಮೇಲೆ ಆ ಸಭೆಯನ್ನುದ್ದೇಶಿಸಿ ಮಾತನಾಡಿದ ಮೊದಲ ಕಪ್ಪುವರ್ಣೀಯ ಆತ. ಪಾಲುಬೇಸಾಯದವರ ಈ ಮಗ ತಾಯಿಗಾಗಿ ಅದೇ ರಾಜ್ಯದಲ್ಲಿ ಹಿಂದೆ ಗುಲಾಮರು ದುಡಿದಂಥ ಪ್ಲಾಂಟೇಶನ್ ಒಂದನ್ನು ಕೊಂಡುಕೊಂಡ. ಕಪ್ಪು ಜನರ ಏಳ್ಗೆಯ ಕಥೆಗೆ ಇದಕ್ಕಿಂತ ದೊಡ್ಡ ರೂಪಕ ಬೇಕೆ? ಆದರೆ ಅಭಿಮಾನಿಗಳ ಕಥೆಯಲ್ಲಿ ಖಳನ ಪಾತ್ರ ಆಗಲೇ ಹಂಚಿಕೆಯಾಗಿತ್ತು. ಹಂಚಿದ ಪಾತ್ರಕ್ಕೆ ಒಗ್ಗದ ಸಂಗತಿ ಯಾರ ಗಮನಕ್ಕೂ ಬರಲಿಲ್ಲ.

ಎರಡನೆಯ ಪಂದ್ಯ 1974ರ ಜನವರಿಯಲ್ಲಿ ನಡೆಯಿತು. ಅದಕ್ಕೆ ಕೆಲವು ದಿನ ಮುಂಚೆ ಟಿ.ವಿ. ಸ್ಟುಡಿಯೊ ಒಂದರಲ್ಲಿ ಅಲಿ ಮತ್ತೆ ದಡ್ಡ ಎಂದು ಹಂಗಿಸಿದಾಗ ಫ್ರೇಸಿಯರ್ ಕುರ್ಚಿಯಿಂದೆದ್ದ. ಇಬ್ಬರೂ ನೆಲದ ಮೇಲೆ ಉರುಳಾಡಿದರು. ನೋಡಿದವರಿಗೆ ಅದು ತಮಾಷೆ, ಅಲಿಗೆ ಪ್ರಚಾರ, ಫ್ರೇಸಿಯರ್‌ಗೆ ಮಾತ್ರ ನಿಜ. ಆ ಪಂದ್ಯವನ್ನು ಅಲಿ ಅಂಕಗಳಿಂದ ಗೆದ್ದ.

ಮೂರನೆಯದು 1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನಲ್ಲಿ ನಡೆದ ಮನಿಲಾ ಪಂದ್ಯ. ಸೈನಿಕ ಕಾನೂನು ಹೇರಿ ಆಳುತ್ತಿದ್ದ ಮಾರ್ಕೋಸ್‌ಗೆ ದೇಶದ ಮುಖಕ್ಕೆ ಬಣ್ಣ ಬಳಿಯುವ ಉತ್ಸವ ಬೇಕಿತ್ತು. ಈ ಸಲ ಅಲಿ ಪತ್ರಿಕಾಗೋಷ್ಠಿಗೆ ರಬ್ಬರಿನ ಪುಟ್ಟ ಗೊರಿಲ್ಲಾ ಬೊಂಬೆ ತಂದ. ಇದೇ ಫ್ರೇಸಿಯರ್ ಎನ್ನುತ್ತ, ಮನಿಲಾ ಎಂಬ ಹೆಸರಿಗೆ ಪ್ರಾಸ ಹೊಂದಿಸುತ್ತ ಬೊಂಬೆಗೆ ಗುದ್ದಿದ. ನೆರೆದವರು ನಕ್ಕರು.

ಆ ನಗು ಸಣ್ಣ ವಿಷಯವಲ್ಲ. ಕಪ್ಪು ಮನುಷ್ಯನನ್ನು ವಾನರನಿಗೆ ಹೋಲಿಸುವುದು ವರ್ಣದ್ವೇಷದ ಅತ್ಯಂತ ಹಳೆಯ ಆಯುಧ. ಬಿಳಿಯನೊಬ್ಬ ಅದನ್ನು ಎತ್ತಿದ್ದರೆ ಗಲಭೆಯಾಗುತ್ತಿತ್ತು. ಎತ್ತಿದವನು ಕಪ್ಪು ಸ್ವಾಭಿಮಾನದ ಮಹಾನಾಯಕನಾದ್ದರಿಂದ ಅದು ಹಾಸ್ಯವಾಯಿತು. ತಾನು ಚೆಲುವ, ಫ್ರೇಸಿಯರ್ ಕುರೂಪಿ ಎಂದು ಅಲಿ ಹೇಳುತ್ತಿದ್ದುದರ ಹಿಂದೆ ತಿಳಿಬಣ್ಣ, ಗಾಢಬಣ್ಣಗಳ ಲೆಕ್ಕವೂ ಇತ್ತು. ವಧೂವರರ ಜಾಹೀರಾತುಗಳನ್ನು ಓದುತ್ತ ಬೆಳೆದ ನಮಗೆ ಆ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಂದ್ಯ ಅಮೆರಿಕದ ವೀಕ್ಷಕರ ಅನುಕೂಲಕ್ಕೆಂದು ಬೆಳಗಿನ ಹೊತ್ತು ನಡೆಯಿತು. ಒಳಾಂಗಣದ ಬೇಗೆಯಲ್ಲಿ ಹದಿನಾಲ್ಕು ಸುತ್ತು ಇಬ್ಬರೂ ಒಬ್ಬರನ್ನೊಬ್ಬರು ಜಜ್ಜಿಕೊಂಡರು. ಫ್ರೇಸಿಯರ್‌ನ ಎಡಗಣ್ಣಿನ ದೃಷ್ಟಿ ವರ್ಷಗಳ ಹಿಂದೆಯೇ ಮಂದವಾಗಿತ್ತು; ಆತ ಅದನ್ನು ಗುಟ್ಟಾಗಿಟ್ಟಿದ್ದ. ಈಗ ಬಲಗಣ್ಣೂ ಬಾತು ಮುಚ್ಚಿತು. ಕೊನೆಯ ಸುತ್ತಿಗೆ ಆತ ಎದ್ದು ಹೋಗಲು ಸಿದ್ಧನಿದ್ದ. ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ. ಭುಜ ಹಿಡಿದು ಕೂರಿಸಿ ಪಂದ್ಯ ಮುಗಿಯಿತೆಂದ. ಬಾಕ್ಸಿಂಗ್ ಜಗತ್ತು ಇಂದಿಗೂ ನೆನೆಯುವ ಮಾನವೀಯ ನಿರ್ಧಾರವದು. ಗೆದ್ದ ಅಲಿ, ಸಾವಿಗೆ ಅತಿ ಹತ್ತಿರ ಹೋಗಿ ಬಂದಂತಾಯಿತು ಎಂದ. ಅದೇ ದಿನ ಫ್ರೇಸಿಯರ್‌ನ ಮಗ ಮಾರ್ವಿಸ್‌ನನ್ನು ಕರೆದು, ಆಡಿದ ಮಾತುಗಳಿಗಾಗಿ ಬೇಸರ ತೋಡಿಕೊಂಡ. ಹುಡುಗ ಬಂದು ತಂದೆಗೆ ಹೇಳಿದ. ಅದನ್ನು ನನಗೆ ಹೇಳಬೇಕಿತ್ತು, ನಿನಗಲ್ಲ ಎಂದು ತಂದೆ ಉತ್ತರಿಸಿದ.

ಆ ಉತ್ತರ ನ್ಯಾಯವಾದದ್ದು. ಬೈದದ್ದು ಇಡೀ ಜಗತ್ತಿನ ಎದುರು, ಕ್ಷಮೆ ಕೇಳಿದ್ದು ಕೋಣೆಯೊಳಗೆ. 2001ರಲ್ಲಿ ಅಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಮೂಲಕ ಬಹಿರಂಗವಾಗಿಯೇ ಕ್ಷಮೆ ಯಾಚಿಸಿದ. ಆವೇಶದಲ್ಲಿ ಆಡಬಾರದ್ದನ್ನು ಆಡಿದೆ, ಅದೆಲ್ಲ ಪಂದ್ಯದ ಪ್ರಚಾರಕ್ಕಾಗಿ ಆಗಿತ್ತು ಎಂದ. ಆದರೆ ಮೊದಲ ಪಂದ್ಯ ಕಳೆದು ಆಗ ಮೂವತ್ತು ವರ್ಷ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪ್ರಚಾರಕ್ಕಾಗಿ ಎಂಬ ಆ ವಿವರಣೆಯನ್ನು ಸ್ವಲ್ಪ ತಡೆದು ನೋಡಬೇಕು. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟುವನ್ನು ಯುವಕ ಅಲಿ ಭೇಟಿಯಾದ. ಬಡಾಯಿ ಕೊಚ್ಚುವವನು ಸೋಲುವುದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬ ವ್ಯಾಪಾರದ ಗುಟ್ಟನ್ನು ಅಲ್ಲಿ ಕಲಿತ. ತನ್ನನ್ನು ತಾನೇ ಹೊಗಳಿಕೊಂಡಷ್ಟು ಕಾಲ ಅದು ನಿರುಪದ್ರವಿ ಕಲೆ, ಸೊಗಸಾದ ಕಲೆ. ತಲೆತಗ್ಗಿಸಿ ನಡೆಯಬೇಕೆಂದು ಕಲಿಸಲಾಗಿದ್ದ ಒಂದು ಜನಾಂಗಕ್ಕೆ ಅದು ಧೈರ್ಯವನ್ನೂ ಕೊಟ್ಟಿತು. ಆದರೆ ಟಿಕೆಟ್ ಮಾರಲು ಇನ್ನೊಬ್ಬನ ಮಾನವನ್ನು ಹರಾಜಿಗಿಟ್ಟಾಗ ಅದು ಬೇರೆಯೇ ವ್ಯಾಪಾರವಾಗುತ್ತದೆ. ಅದರ ಲಾಭದಲ್ಲಿ ಫ್ರೇಸಿಯರ್‌ಗೂ ಪಾಲು ಸಿಕ್ಕಿತಲ್ಲ ಎನ್ನುವವರಿದ್ದಾರೆ. ಸಿಕ್ಕಿತು, ನಿಜ. ಸಂಭಾವನೆ ಪೆಟ್ಟು ತಿನ್ನುವುದಕ್ಕೆ ಒಪ್ಪಿಕೊಂಡ ಬೆಲೆ. ಮಕ್ಕಳೆದುರು ಮಾನ ಕಳೆದುಕೊಳ್ಳುವುದಕ್ಕೆ ಆತ ಸಹಿ ಹಾಕಿರಲಿಲ್ಲ.

ಫ್ರೇಸಿಯರ್ ನಿರ್ದೋಷಿ ಎನ್ನುವ ಉದ್ದೇಶ ಇಲ್ಲಿಲ್ಲ. ಆತ ಅಲಿಯನ್ನು ಹಠಕ್ಕೆ ಬಿದ್ದು ಕ್ಲೇ ಎಂದೇ ಕರೆಯುತ್ತಿದ್ದ. ಒಬ್ಬ ಮನುಷ್ಯ ಆರಿಸಿಕೊಂಡ ಹೆಸರನ್ನು ನಿರಾಕರಿಸುವುದೂ ಅವಮಾನವೇ. ಅಲಿಯ ಕಾಯಿಲೆಗೆ ತನ್ನ ಗುದ್ದುಗಳೇ ಕಾರಣವೆಂದು ಹೆಮ್ಮೆಪಟ್ಟದ್ದಂತೂ ಕ್ರೂರ. ದ್ವೇಷವನ್ನು ಬಹುಕಾಲ ಕಾಪಿಟ್ಟವನನ್ನು ದ್ವೇಷವೇ ತಿನ್ನುತ್ತದೆ, ಆತನನ್ನೂ ತಿಂದಿತು. ಆದರೆ ಗಾಯದ ನಂಜನ್ನು ನೋಡಿ ಗಾಯ ಮಾಡಿದ್ದನ್ನು ಮರೆಯುವುದು ನ್ಯಾಯವಲ್ಲ.

ವೈರವೆಂದರೆ ಹೀಗೆಯೇ ಇರಬೇಕೆಂದೇನೂ ಇಲ್ಲ. ಇದಕ್ಕಿಂತ ಭೀಕರ ಹಿನ್ನೆಲೆಯ ಇನ್ನೊಂದು ವೈರ ಬಾಕ್ಸಿಂಗ್ ಇತಿಹಾಸದಲ್ಲಿದೆ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್, ಅಮೆರಿಕದ ಕಪ್ಪು ಬಾಕ್ಸರ್ ಜೋ ಲೂಯಿಯನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ. ನಾಜಿ ಪ್ರಚಾರಕರು ಆರ್ಯ ಜನಾಂಗದ ಗೆಲುವೆಂದು ಡಂಗುರ ಹೊಡೆದರು. 1938ರ ಜೂನ್ 22ರಂದು ಯಾಂಕೀ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರೆದುರು ಲೂಯಿ 124 ಸೆಕೆಂಡುಗಳಲ್ಲಿ ಸೇಡು ತೀರಿಸಿಕೊಂಡ. ಒಬ್ಬ ಪ್ರಜಾಪ್ರಭುತ್ವದ ಪ್ರತಿನಿಧಿ, ಇನ್ನೊಬ್ಬ ಹಿಟ್ಲರನ ಪ್ರತಿನಿಧಿ ಎಂದು ಜಗತ್ತು ಪಾತ್ರ ಹಂಚಿತ್ತು. ಆದರೆ ಶ್ಮೆಲಿಂಗ್ ನಾಜಿ ಪಕ್ಷಕ್ಕೆ ಸೇರಿದವನಲ್ಲ. ಆತನ ಮ್ಯಾನೇಜರ್ ಯಹೂದಿ. ಆ ಮ್ಯಾನೇಜರ್‌ನನ್ನು ಬಿಡಬೇಕೆಂಬ ಒತ್ತಡಕ್ಕೆ ಆತ ಮಣಿಯಲಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಹುಡುಗರನ್ನು ತನ್ನ ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದ. ಅದನ್ನು ಆತ ಎಲ್ಲೂ ಹೇಳಿಕೊಳ್ಳಲಿಲ್ಲ. ಆ ಹುಡುಗರಲ್ಲೊಬ್ಬ 1989ರಲ್ಲಿ ಬಹಿರಂಗಪಡಿಸಿದಾಗಲೇ ಲೋಕಕ್ಕೆ ತಿಳಿದದ್ದು.

ಮಹಾಯುದ್ಧ ಮುಗಿದ ಮೇಲೆ ಲೂಯಿ ಮತ್ತು ಶ್ಮೆಲಿಂಗ್ ಸ್ನೇಹಿತರಾದರು. 1981ರಲ್ಲಿ ಲೂಯಿ ತೀರಿಕೊಂಡಾಗ ಅಂತ್ಯಸಂಸ್ಕಾರದ ವೆಚ್ಚಕ್ಕೆ ಶ್ಮೆಲಿಂಗ್ ನೆರವಾದ. ಎರಡು ದೇಶಗಳು, ಎರಡು ಸಿದ್ಧಾಂತಗಳು ಹೇರಿದ ವೈರ ಸ್ನೇಹವಾಗಿ ಮಾಗಿತು. ಗೆಳೆಯರಾಗಿದ್ದ ಇಬ್ಬರು ಕಪ್ಪುವರ್ಣೀಯರ ಸ್ಪರ್ಧೆ ಹಗೆಯಾಗಿ ಹುಳಿಯಿತು. ವ್ಯತ್ಯಾಸ ಎಲ್ಲಿದೆ? ಲೂಯಿ ಮತ್ತು ಶ್ಮೆಲಿಂಗ್ ಸುತ್ತ ಜಗತ್ತು ಎಷ್ಟೇ ಬೊಬ್ಬಿಟ್ಟರೂ, ಅವರಿಬ್ಬರು ಪರಸ್ಪರರ ಮನುಷ್ಯತ್ವವನ್ನು ಹೀಯಾಳಿಸಲಿಲ್ಲ. ಗುದ್ದಿನ ಗಾಯ ಮಾಯಿತು. ಮಾತಿನ ಗಾಯವಿರಲಿಲ್ಲ.

ಅಭಿಮಾನಿಗಳ ಪ್ರೀತಿ ಅಲಿಗಾದರೂ ನ್ಯಾಯ ಮಾಡಿತೇ ಎಂದು ಕೇಳಿದರೆ, ಅದೂ ಅನುಮಾನವೇ. ಬಾಯ್ತುಂಬ ಮಾತಾಡುತ್ತಿದ್ದ ಕಾಲದಲ್ಲಿ ಅಲಿಯನ್ನು ಅರ್ಧ ಅಮೆರಿಕ ಶಪಿಸುತ್ತಿತ್ತು. 1984ರಲ್ಲಿ ಪಾರ್ಕಿನ್ಸನ್ ಪತ್ತೆಯಾಯಿತು. ಮಾತು ಮೆಲ್ಲಮೆಲ್ಲನೆ ನಿಂತಂತೆ ಆತ ಎಲ್ಲರಿಗೂ ಪ್ರಿಯನಾದ. ಯುದ್ಧ ಬೇಡವೆಂದವನನ್ನು ದೇಶದ್ರೋಹಿಯೆಂದ ದೇಶವೇ 2005ರಲ್ಲಿ ಅತ್ಯುನ್ನತ ನಾಗರಿಕ ಗೌರವ ನೀಡಿತು. ಗೌರವ ಸಲ್ಲಬೇಕಾದದ್ದೇ. ಆದರೆ ಮೌನಿಯಾದ ಮೇಲೆ ಪೂಜಿಸುವುದು ಸುಲಭ. ವಿಗ್ರಹ ಎದುರುತ್ತರ ಕೊಡುವುದಿಲ್ಲ. ಅಲಿಯ ಧೈರ್ಯ, ದುಡುಕು, ಕ್ರೌರ್ಯ, ಪಶ್ಚಾತ್ತಾಪ ಎಲ್ಲವನ್ನೂ ತಿಕ್ಕಿ ತೊಳೆದು ನಾವು ಒಂದು ನಗುವ ಭಾವಚಿತ್ರವನ್ನಷ್ಟೇ ಉಳಿಸಿಕೊಂಡೆವು. ತಪ್ಪು ಮಾಡಿ ಮರುಗಿದ ಮನುಷ್ಯನಿಗಿಂತ ತಪ್ಪೇ ಮಾಡದ ದೇವರು ನಮಗೆ ಬೇಕಿತ್ತು.

ಇದು ದೂರದ ದೇಶದ, ಹಳೆಯ ಕಾಲದ ಮಾತು ಎಂದು ಸುಮ್ಮನಾಗುವಂತಿಲ್ಲ. ಭಾರತದ ಬಾಕ್ಸಿಂಗ್‌ನಲ್ಲೂ ಇಂಥ ಒಂದು ಗಳಿಗೆ ಬಂದಿತ್ತು. 2019ರಲ್ಲಿ ಒಲಿಂಪಿಕ್ ಅರ್ಹತಾ ಸ್ಪರ್ಧೆಯ 51 ಕಿಲೋ ವಿಭಾಗಕ್ಕೆ ಆರು ಬಾರಿಯ ವಿಶ್ವ ಚಾಂಪಿಯನ್ ಮೇರಿ ಕೋಮ್ ಅವರನ್ನು ನೇರವಾಗಿ ಕಳುಹಿಸುವ ಮಾತು ಕೇಳಿಬಂತು. ನಿಜಾಮಾಬಾದಿನ ಯುವತಿ ನಿಖತ್ ಜರೀನ್ ಆಯ್ಕೆ ಪಂದ್ಯ ನಡೆಸಬೇಕೆಂದು ಕ್ರೀಡಾ ಸಚಿವರಿಗೆ ಪತ್ರ ಬರೆದರು. ಅವರು ಕೇಳಿದ್ದು ಕಣಕ್ಕಿಳಿಯುವ ಅವಕಾಶವನ್ನಷ್ಟೇ. ಆದರೂ ಹಿರಿಯರಿಗೆ ಎದುರಾದ ಅಹಂಕಾರಿ ಎಂಬ ಮಾತು ಹಲವರ ಬಾಯಲ್ಲಿ ಬಂತು. ಸಾಮಾಜಿಕ ಜಾಲತಾಣಗಳಲ್ಲಿ ಅಭಿಮಾನಿಗಳು ಎರಡು ಪಾಳಯವಾದರು. ಡಿಸೆಂಬರ್ 28ರಂದು ದೆಹಲಿಯಲ್ಲಿ ನಡೆದ ಪಂದ್ಯವನ್ನು ಮೇರಿ ಕೋಮ್ 9–1ರಿಂದ ಗೆದ್ದರು. ಗೆದ್ದ ಮೇಲೆ ಕೈ ಕುಲುಕಲಿಲ್ಲ.

ಅಲ್ಲಿಗೆ ನಿಂತಿದ್ದರೆ ಅದೂ ಇನ್ನೊಂದು ಕಹಿ ಕಥೆಯಾಗುತ್ತಿತ್ತು. 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಿಖತ್, ಮೇರಿ ಕೋಮ್ ಅವರೊಂದಿಗೆ ನಿಂತು ಚಿತ್ರ ತೆಗೆಸಿಕೊಂಡು ತಾವು ಅವರ ಅಭಿಮಾನಿಯೆಂದೇ ಹೇಳಿಕೊಂಡರು. 2023ರಲ್ಲಿ ಮತ್ತೆ ವಿಶ್ವ ಕಿರೀಟ ಗೆದ್ದರು. ಸ್ಪರ್ಧಿಯಾಗಿದ್ದುಕೊಂಡೇ ಅಭಿಮಾನಿಯೂ ಆಗಿರಬಹುದೆಂದು ಆ ಯುವತಿ ತೋರಿಸಿಕೊಟ್ಟರು. ಅಭಿಮಾನಿಗಳನ್ನು ದೇವರೆಂದು ಕರೆದ ಮೇರುನಟನ ನಾಡು ನಮ್ಮದು. ದೇವರ ಸ್ಥಾನದಲ್ಲಿ ಕುಳಿತವರಿಗೆ ಒಂದು ಹೊಣೆಯೂ ಇರುತ್ತದೆ: ತಮ್ಮ ನಾಯಕನ ಗುಡಿ ಕಟ್ಟಲು ಎದುರಾಳಿಯ ಮನೆ ಕೆಡವಬಾರದು. ಪರದೆಯ ಮೇಲಿನ ನಟರ ವಿಷಯವಿರಲಿ, ಕ್ರಿಕೆಟ್ ಆಟಗಾರರ ವಿಷಯವಿರಲಿ, ಆ ಹೊಣೆಯನ್ನು ನಾವು ಎಷ್ಟರಮಟ್ಟಿಗೆ ಹೊತ್ತಿದ್ದೇವೆ ಎಂಬುದಕ್ಕೆ ನಮ್ಮ ಕೈಯಲ್ಲಿರುವ ಮೊಬೈಲ್ ಫೋನುಗಳೇ ಸಾಕ್ಷಿ.

ಫ್ರೇಸಿಯರ್‌ಗೆ ಸಲ್ಲಬೇಕಾದ ಬಾಕಿ ಎಷ್ಟೆಂಬುದಕ್ಕೆ ಫಿಲಡೆಲ್ಫಿಯಾ ನಗರವೇ ಲೆಕ್ಕದ ಪುಸ್ತಕ. 1976ರಲ್ಲಿ ಬಂದ 'ರಾಕಿ' ಚಲನಚಿತ್ರದ ನಾಯಕ ಕಸಾಯಿಖಾನೆಯಲ್ಲಿ ತೂಗುವ ಮಾಂಸಕ್ಕೆ ಗುದ್ದುತ್ತ ಅಭ್ಯಾಸ ಮಾಡುತ್ತಾನೆ. ಅದು ತನ್ನ ಬದುಕಿನಿಂದ ಎತ್ತಿಕೊಂಡದ್ದೆಂದು ಫ್ರೇಸಿಯರ್ ಹೇಳುತ್ತಲೇ ಇದ್ದ. ಆ ಕಾಲ್ಪನಿಕ ಬಿಳಿಯ ಬಾಕ್ಸರ್‌ನ ಕಂಚಿನ ಪ್ರತಿಮೆ 1980ರ ದಶಕದಲ್ಲೇ ನಗರಕ್ಕೆ ಬಂತು. ಅದೇ ನಗರದಲ್ಲಿ ಬದುಕಿ, ಬಡ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತ, ಕೊನೆಗಾಲದಲ್ಲಿ ತನ್ನ ವ್ಯಾಯಾಮಶಾಲೆಯ ಮೇಲಿನ ಮನೆಯಲ್ಲೇ ವಾಸಿಸಿದ ನಿಜವಾದ ಚಾಂಪಿಯನ್‌ನ ಪ್ರತಿಮೆ ಎದ್ದದ್ದು 2015ರಲ್ಲಿ, ಆತ ಸತ್ತ ನಾಲ್ಕು ವರ್ಷಗಳ ಮೇಲೆ. ವ್ಯಾಯಾಮಶಾಲೆ 2008ರಲ್ಲೇ ಮುಚ್ಚಿಹೋಗಿ, ಕಟ್ಟಡ ಪೀಠೋಪಕರಣಗಳ ಅಂಗಡಿಯಾಗಿತ್ತು.

2011ರ ನವೆಂಬರ್ 7ರಂದು ಯಕೃತ್ತಿನ ಕ್ಯಾನ್ಸರ್‌ನಿಂದ ಫ್ರೇಸಿಯರ್ ತೀರಿಕೊಂಡ. ಫಿಲಡೆಲ್ಫಿಯಾದ ಚರ್ಚಿನಲ್ಲಿ ನಡೆದ ಅಂತಿಮ ಪ್ರಾರ್ಥನೆಗೆ ಅಲಿ ಬಂದಿದ್ದ. ಕಪ್ಪು ಕನ್ನಡಕ, ಕೃಶವಾದ ದೇಹ; ಮಾತು ಹೆಚ್ಚುಕಡಿಮೆ ನಿಂತೇಹೋಗಿತ್ತು. ಪ್ರಾರ್ಥನೆಯ ನಡುವೆ ಪಾದ್ರಿ ಜೆಸ್ಸಿ ಜಾಕ್ಸನ್, ಎಲ್ಲರೂ ಎದ್ದು ನಿಂತು ಜೋಗೆ ಪ್ರೀತಿ ಸಲ್ಲಿಸಿರಿ ಎಂದರು. ನಾಲ್ಕು ದಶಕಗಳ ಹಿಂದೆ ಆ ಮನುಷ್ಯನನ್ನು ಜಗತ್ತಿನೆದುರು ಹೀಯಾಳಿಸಿದ್ದ ಅಲಿ ಕುರ್ಚಿಯಿಂದೆದ್ದು, ನಡುಗುವ ಕೈಗಳಿಂದ ಜೋರಾಗಿ ಚಪ್ಪಾಳೆ ತಟ್ಟಿದ.

ತನ್ನ ಪಾಲಿನ ಸಾಲವನ್ನು ಅಲಿ ತಡವಾಗಿಯಾದರೂ ಹೀಗೆ ತೀರಿಸಿದ. ಆ ಬೈಗುಳಕ್ಕೆ ನಕ್ಕವರು, ಆ ಬೊಂಬೆಯನ್ನು ನೋಡಿ ಕೇಕೆ ಹಾಕಿದವರು, ಅದನ್ನೆಲ್ಲ ರಸವತ್ತಾದ ಕಥೆಯಾಗಿ ಇಂದಿಗೂ ಹೇಳಿಕೊಳ್ಳುವ ನಾವು ಇನ್ನೂ ಕುಳಿತೇ ಇದ್ದೇವೆ. ಅಲಿಯ ಮೇಲಿನ ನಮ್ಮ ಅಭಿಮಾನ ನಿಜವಾದದ್ದೇ ಆಗಿದ್ದರೆ, ಅಲಿ ಎದ್ದು ನಿಂತ ಕಡೆಯಲ್ಲಿ ನಾವೂ ಎದ್ದು ನಿಲ್ಲಬೇಕು.